ಕೆಂಪು ಶಾಯಿಯ ಹತ್ತಕ್ಕೆ ಹತ್ತು

ಮರ್ಫಿ, ಟೆಕ್ಸಾಸ್
೧೧ ಫೆಬ್ರವರಿ ೨೦೨೪

ಪ್ರಿಯ ನಿಹಾರಿಕಾ,

ಸಮಸ್ತ ಟೆಕ್ಸಾಸ್ ಕನ್ನಡಿಗರ ಗಮನಕ್ಕೆ: ಮರ್ಫಿ ಪಟ್ಟಣದ ನಮ್ಮ ಮನೆಯಲ್ಲಿ, ಎರಡು ಗಂಟೆ ಹತ್ತು ನಿಮಿಷಗಳ ಸತತ ಶೋಧದ ನಂತರ, ಬರೆಯುವ ಪೆನ್ನೊಂದು ಪತ್ತೆಯಾಗಿದೆ. ಸೋಫಾದ ಸಂದಿಯಲ್ಲಿ, ಜಿಡ್ಡುಗಟ್ಟಿದ ಚಕ್ಕುಲಿ ತುಂಡೊಂದನ್ನು ಅಪ್ಪಿಕೊಂಡು ಅದು ಬಹುಕಾಲದಿಂದ ಅಜ್ಞಾತವಾಸ ನಡೆಸುತ್ತಿತ್ತು. ಇಬ್ಬರನ್ನೂ ಬೇರ್ಪಡಿಸುವಾಗ ನನಗಾದ ಹೇಸಿಗೆಯನ್ನು ವರ್ಣಿಸಲು ಹೋಗುವುದಿಲ್ಲ. ಈ ಪತ್ರ ಮುಗಿಯುವುದರೊಳಗೆ ನಿನಗೆ ಬೇರೆ ಹೇಸಿಗೆಗಳು ಬೇಕಾದಷ್ಟು ಸಿಗಲಿವೆ.

ಪೆನ್ನು ಯಾಕೆ ಬೇಕಾಯಿತೆಂದರೆ, ಜನವರಿಯ ಮೂರನೇ ವಾರದಿಂದ ನೀನು ನನ್ನನ್ನು ವಾಟ್ಸಾಪಿನಲ್ಲಿ ಬ್ಲಾಕ್ ಮಾಡಿದ್ದೀಯ. ಫೋನೂ ಎತ್ತುವುದಿಲ್ಲ. ಕಾರಣ ನನಗೆ ಗೊತ್ತಿಲ್ಲ ಎಂದೇ ಇಟ್ಟುಕೊಳ್ಳೋಣ. ಹತ್ತೊಂಬತ್ತು ವರ್ಷದ ಸ್ನೇಹಕ್ಕೆ ಈಗ ಅಮೆರಿಕದ ಅಂಚೆ ಇಲಾಖೆಯೊಂದೇ ಗತಿ.

ವಿಷಯಕ್ಕೆ ಬರುತ್ತೇನೆ. ವಿಷಯ ಅಸಹ್ಯವಾಗಿದೆ.

ಕ್ಯಾರಲ್ಟನ್ನಿನಲ್ಲಿರುವ ನಮ್ಮ ರೊಟ್ಟಿ ಅಡುಗೆಮನೆ ನಿನಗೆ ಗೊತ್ತೇ ಇದೆ. ಕಾಗದದ ಮೇಲೆ ಅದರ ಮಾಲೀಕ ನನ್ನ ಗಂಡ ಅಮರ್. ನಿಜದಲ್ಲಿ ಅದು ನಮ್ಮ ಅತ್ತೆ ಈರವ್ವನವರ ಸಾಮ್ರಾಜ್ಯ. ಗದಗ ಬಿಟ್ಟು ಬಂದು ಹನ್ನೆರಡು ವರ್ಷವಾದರೂ ಇಂಗ್ಲಿಷಿನ ಒಂದು ಪದವನ್ನೂ ಅವರು ಹೊಸಿಲು ದಾಟಲು ಬಿಟ್ಟಿಲ್ಲ. ಮಿಕ್ಸ್, ಆಫ್, ಕ್ಲೀನ್ ಎನ್ನುತ್ತಾರೆ, ನಿಜ. ಅವು ಅಪ್ಪಟ ಕನ್ನಡ ಎಂದು ಅವರ ನಂಬಿಕೆ.

ಅಲ್ಲಿ ರೊಟ್ಟಿ ಬಡಿಯುವವಳು ಮಾರಿಸೆಲಾ. ಹೊಂಡುರಾಸಿನವಳು, ನಮ್ಮಲ್ಲಿಗೆ ಬಂದು ಮೂರು ವರ್ಷ. ಹುಟ್ಟಿದಾಗಿನಿಂದ ಮೆಕ್ಕೆಜೋಳದ ತೊರ್ತಿಯಾ ತಟ್ಟಿದ ಕೈಗೆ ನಮ್ಮ ಬಿಳಿಜೋಳದ ಹಿಟ್ಟು ಒಂದೇ ವಾರದಲ್ಲಿ ಮಣಿಯಿತು. ಮೈಸೂರಿನಿಂದ ಸೊಸೆಯಾಗಿ ಬಂದ ನಾನು ಹದಿನೇಳು ವರ್ಷದಿಂದ ಬಡಿಯುತ್ತಿದ್ದೇನೆ, ಇನ್ನೂ ಶ್ರೀಲಂಕಾದ ಆಕಾರ ಬಿಟ್ಟು ಮುಂದಕ್ಕೆ ಹೋಗಿಲ್ಲ.

ಅವಳಿಗೆ ಬೇಕಾಗಿರುವುದು ಒಂದೇ: ಮನೆಯ ಹತ್ತಿರದ ಪ್ರಾಥಮಿಕ ಶಾಲೆಯ ಕ್ಯಾಂಟೀನಿನಲ್ಲಿ ಕೆಲಸ. ನಾಲ್ಕು ವರ್ಷದ ಮಗಳು ಆಗಸ್ಟಿನಲ್ಲಿ ಅದೇ ಶಾಲೆಗೆ ಸೇರುತ್ತಾಳೆ. ಮಗುವಿಗೆ ಉಬ್ಬಸ. ಶಾಲೆಯ ಕೆಲಸಕ್ಕೆ ಆರೋಗ್ಯ ವಿಮೆ ಇದೆ, ಮಗು ಮನೆಗೆ ಹೊರಡುವ ಹೊತ್ತಿಗೆ ತಾಯಿಯೂ ಹೊರಡಬಹುದು. ನಮ್ಮಲ್ಲಿ ಏನಿದೆ? ರೊಟ್ಟಿ ಇದೆ, ಅತ್ತೆ ಇದ್ದಾರೆ.

ಜನವರಿಯಲ್ಲಿ ಸಂದರ್ಶನಕ್ಕೆ ಕರೆದರು. ಮೂವರು ಕೂತಿದ್ದರಂತೆ. ಮಗು ಹಾಲು ಚೆಲ್ಲಿದರೆ ಏನು ಮಾಡುತ್ತೀ ಎಂದು ಕೇಳಿದರಂತೆ. ಖಾಲಿ ಡಬ್ಬಿ ಬಗ್ಗಿಸಿ ಅಭಿನಯಿಸಿ ತೋರಿಸಿದ್ದರಿಂದ ಇವಳಿಗೆ ಪ್ರಶ್ನೆ ತಿಳಿಯಿತು. ಎದೆಯುಬ್ಬಿಸಿ ಉತ್ತರ ಕೊಟ್ಟಳು: "ಜಲ್ದಿ ಜಲ್ದಿ ಕ್ಲೀನ್ ಮಾಡು. ನೀರ ಹಾಕು. ಅರಿವಿ ತಗೋ. ಸಾಕು."

ಮೂವರೂ ಮುಖ ಮುಖ ನೋಡಿಕೊಂಡು, ಬಹಳ ಮರ್ಯಾದೆಯಿಂದ ಬಾಗಿಲವರೆಗೂ ಬಂದು ಬೀಳ್ಕೊಟ್ಟರು. ಹತ್ತು ದಿನ ಆ ಮರ್ಯಾದೆಯನ್ನೇ ನೆಚ್ಚಿಕೊಂಡು ಕೂತಿದ್ದಳು. ಆಮೇಲೆ ಕಾಗದ ಬಂತು: ಇಂಗ್ಲಿಷ್ ಕಲಿತುಕೊಂಡು ಜೂನಿನಲ್ಲಿ ಮತ್ತೆ ಬರಬಹುದು.

ಆ ಕಾಗದವನ್ನೂ ತನ್ನ ನೋಟ್‌ಬುಕ್ಕನ್ನೂ ತಂದು ನನ್ನ ಮುಂದೆ ಇಟ್ಟಳು. ನನ್ನ ಮುಂದೆಯೇ ಯಾಕೆ ಇಟ್ಟಳೋ, ಪಾಪ, ಅವಳ ಮನಸ್ಸು ಯಾರಿಗೆ ಗೊತ್ತು. ನೋಟ್‌ಬುಕ್ಕಿನ ರಟ್ಟಿನ ಮೇಲೆ ಅವಳ ಭಾಷೆಯಲ್ಲಿ "ಇಂಗ್ಲಿಷ್" ಎಂದು ಬರೆದು ಸುತ್ತ ಹೂಬಳ್ಳಿ ಬಿಡಿಸಿದ್ದಾಳೆ. ಒಳಗೆ ನಾನೂರ ಹನ್ನೆರಡು ಪದಗಳು. ಪ್ರತಿಯೊಂದರ ಎದುರಿಗೂ ಸ್ಪ್ಯಾನಿಷ್ ಅರ್ಥ. ಮೊದಲ ಪುಟ ಬಿಡು, ಎರಡನೇ ಪುಟದಿಂದ ಹೇಳುತ್ತೇನೆ: ಹಿಟ್ಟ. ಹಂಚ. ಬಾಯಿ ಮುಚ್ಚು. ಎಂಜಲ. ಮುಸುರಿ. ಆಫ್ ಮಾಡು. ಹೊಲಸ. ಕಡೆಯದಕ್ಕೆ "ತಟ್ಟೆ" ಎಂದು ಅರ್ಥ ಬರೆದುಕೊಂಡಿದ್ದಾಳೆ. ತೊಳೆಯುವ ತಟ್ಟೆಗಳು ಬಂದಾಗಲೆಲ್ಲ ಅತ್ತೆಯವರು ಮೂಗು ಮುರಿದು ಕೂಗುವುದು ಅದನ್ನೇ ಅಲ್ಲವೇ. ಅರ್ಧಕ್ಕಿಂತ ಹೆಚ್ಚು ಕನ್ನಡ ನಿಹಾರಿಕಾ, ಅದೂ ಗದಗದ ಕನ್ನಡ. ಅದರಲ್ಲಿ ಮೂರು ಪದ ನನಗೇ ಗೊತ್ತಿಲ್ಲ.

ಅವಳನ್ನು ದಡ್ಡಿ ಎನ್ನಬೇಡ. ಅವಳ ಬೀದಿ ಸ್ಪ್ಯಾನಿಷ್, ಅಂಗಡಿ ಸ್ಪ್ಯಾನಿಷ್, ಚರ್ಚು ಸ್ಪ್ಯಾನಿಷ್. ಬೇರೆ ಭಾಷೆ ಅವಳ ಕಿವಿಗೆ ಬೀಳುವುದು ನಮ್ಮ ಒಲೆಯ ಮುಂದೆ ಮಾತ್ರ. ಅಮೆರಿಕದಲ್ಲಿ ಸ್ಪ್ಯಾನಿಷ್ ಅಲ್ಲದ್ದು ಇಂಗ್ಲಿಷ್ ತಾನೇ ಆಗಿರಬೇಕು?

ಇಷ್ಟು ದಿನ ಇವಳ ಜೊತೆ ಕೆಲಸ ಮಾಡಿದವರು ಒಬ್ಬರಾದರೂ ತಿದ್ದಬಾರದಿತ್ತೆ? ಎಂಥ ಜನ!

ನೀನು ನಿಮ್ಮ ಕೇಟಿ ಊರಿನ ಲೈಬ್ರರಿಯಲ್ಲಿ ಹೊಸಬರಿಗೆ ಇಂಗ್ಲಿಷ್ ಕಲಿಸುತ್ತೀಯಲ್ಲ, ನಿನ್ನ ಪದಪಟ್ಟಿಯೊಂದನ್ನು ಕಳಿಸು. ನನಗಾಗಿ ಬೇಡ. ಅವಳಿಗಾಗಿ.

ಬ್ಲಾಕ್ ಆಗಿಯೂ ನಿನ್ನವಳೇ ಆದ,
ಕುಮುದಾ

*

ಕೇಟಿ, ಹ್ಯೂಸ್ಟನ್
೨ ಮಾರ್ಚ್ ೨೦೨೪

ಕುಮುದಾ ಅವರಿಗೆ,

ಪತ್ರ ತಲುಪಿತು. ಪಟ್ಟಿ ಲಗತ್ತಿಸಿದ್ದೇನೆ. ತೊಂಬತ್ತು ಪದಗಳಿವೆ.

ನಾವೆಲ್ಲ ಮಾಡುವ ತಪ್ಪನ್ನು ಮಾಡಬೇಡಿ. ಉದ್ದದ ಪದ ಕಷ್ಟ, ಗಿಡ್ಡ ಪದ ಸುಲಭ ಎಂದು ನಮಗೆ ಶಾಲೆಯಲ್ಲಿ ಹೇಳಿಕೊಟ್ಟಿದ್ದಾರೆ. ಸ್ಪ್ಯಾನಿಷಿನವರಿಗೆ ತಿರುಗುಮುರುಗು. ಟೆಂಪರೇಚರ್, ರೆಫ್ರಿಜರೇಟರ್, ಅಲರ್ಜಿ, ಎಮರ್ಜೆನ್ಸಿ, ಇವೆಲ್ಲ ಅವರ ಭಾಷೆಯಲ್ಲೂ ಹೆಚ್ಚುಕಡಿಮೆ ಹಾಗೆಯೇ ಇವೆ. ಮೊದಲ ದಿನವೇ ಅವುಗಳನ್ನು ತೋರಿಸಿ, "ಇವು ಈಗಾಗಲೇ ನಿನ್ನವು" ಎಂದು ಹೇಳಿ. ಧೈರ್ಯ ಬರುತ್ತದೆ. ಬೆವರಿಳಿಸುವುದು ಗಿಡ್ಡ ಪದಗಳು: ಟ್ರೇ, ಸ್ಪಿಲ್, ಮಾಪ್, ಚೋಕ್, ವೈಪ್, ನಟ್ಸ್. ಶಾಲೆಯ ಕ್ಯಾಂಟೀನಿಗೆ ಬೇಕಾದವೂ ಅವೇ. ಒಂದೊಂದು ಜಾಗಕ್ಕೆ ಒಂದೊಂದು ಗೊಂಚಲು ಕಲಿಸಿ, ಸಿಂಕಿನ ಪದಗಳು ಸಿಂಕಿನ ಹತ್ತಿರವೇ. ಹತ್ತು ಸಲ ಬರೆಯುವ ಶಿಕ್ಷೆ ಮಾತ್ರ ಬೇಡ.

ಇನ್ನು, ನಿಮ್ಮ ಪತ್ರದಲ್ಲಿ ಇಲ್ಲದ್ದು.

ಕಳೆದ ದೀಪಾವಳಿಯ ದಿನ ನಿಮ್ಮ ನಡುಮನೆಯಲ್ಲಿ ನಾನೂ ಇದ್ದೆ. ಹೋಳಿಗೆ ಬಡಿಸಿ ಮುಗಿಸಿದ ಮಾರಿಸೆಲಾ ಆ ನೋಟ್‌ಬುಕ್ಕನ್ನು ತಂದು ನಿಮಗೆ ತೋರಿಸಿದಳು. ನೀವು ಕೆಂಪು ಪೆನ್ನು ತರಿಸಿದಿರಿ. ಮೊದಲ ಪುಟದ ಹತ್ತು ಪದಗಳಿಗೂ ನಮ್ಮ ಶಾಲೆಯ ಟೀಚರುಗಳ ಹಾಗೆ ರೈಟ್ ಹಾಕಿದಿರಿ. ಕೆಳಗೆ ಹತ್ತಕ್ಕೆ ಹತ್ತು, "ವೆರಿ ಗುಡ್", ರುಜು, ತಾರೀಖು. ಹತ್ತರಲ್ಲಿ ಆರು ಕನ್ನಡ. ಇಪ್ಪತ್ತೆರಡು ಜನ ಹೊಟ್ಟೆ ಹಿಡಿದು ನಕ್ಕೆವು. ಹೌದು, ನಾನೂ ನಕ್ಕೆ. ತನ್ನ ಇಂಗ್ಲಿಷ್ ಕಂಡು ಎಲ್ಲರಿಗೂ ಸಂತೋಷವಾಯಿತೆಂದು ಅವಳೂ ನಮ್ಮ ಜೊತೆ ನಕ್ಕಳು.

ಸಂಕ್ರಾಂತಿಗೆ ಕನ್ನಡ ಸಂಘದ ಪತ್ರಿಕೆ ಬಂತು. ಹದಿನಾಲ್ಕನೇ ಪುಟದಲ್ಲಿ ನಿಮ್ಮ ಹಾಸ್ಯ ಅಂಕಣ, ಅವಳ ಹೆಸರು, ನೋಟ್‌ಬುಕ್ ಹಿಡಿದು ನಿಂತ ಅವಳ ಫೋಟೋ. ಬ್ಲಾಕ್ ಮಾಡಿದ್ದು ಆ ದಿನ. ಕಾರಣ ಗೊತ್ತಿಲ್ಲವೆಂದು ಇಟ್ಟುಕೊಳ್ಳುವುದು ಬೇಡ.

ಇಂಗ್ಲಿಷ್ ಎಂ.ಎ. ಮಾಡಿದ ಮೇಡಮ್ ಹತ್ತಕ್ಕೆ ಹತ್ತು ಕೊಟ್ಟಿದ್ದಾರೆಂಬ ಧೈರ್ಯದಿಂದಲೇ ಅವಳು ಆ ಸಂದರ್ಶನಕ್ಕೆ ಹೋದಳು ಕುಮುದಾ ಅವರೇ. ನೋಟ್‌ಬುಕ್ಕನ್ನು ನಿಮ್ಮ ಮುಂದೆಯೇ ಯಾಕೆ ಇಟ್ಟಳೆಂದು ಇನ್ನೂ ಗೊತ್ತಾಗಲಿಲ್ಲವೇ?

ಇತಿ,
ನಿಹಾರಿಕಾ

*

ಮರ್ಫಿ
೨೪ ಮಾರ್ಚ್ ೨೦೨೪

ಪ್ರಿಯ ನಿಹಾರಿಕಾ,

ನನ್ನನ್ನು "ಅವರೇ" ಎಂದು ಕರೆದಿದ್ದೀಯ. ಇದಕ್ಕಿಂತ ಹೊಲಸಾಗಿ ನನ್ನನ್ನು ಇದುವರೆಗೆ ಯಾರೂ ಬೈದಿಲ್ಲ.

ಮೊದಲ ಪುಟದ ವಿಷಯ ಆಮೇಲೆ ಮಾತಾಡೋಣ. ಆಮೇಲೆ ಎಂದರೆ ಯಾವಾಗ ಎಂದು ಕೇಳಬೇಡ. ಸದ್ಯಕ್ಕೆ ಪಾಠದ ವರದಿ ಒಪ್ಪಿಸುತ್ತೇನೆ.

ತರಗತಿ ನಡೆಯುವುದು ಅಡುಗೆಮನೆಯ ಹಿಂದಿನ ಪಾರ್ಕಿಂಗ್ ಲಾಟಿನಲ್ಲಿ, ನನ್ನ ಕಾರಿನೊಳಗೆ. ಚಾಲಕಿಯ ಸೀಟಿನಲ್ಲಿ ಗುರು, ಪಕ್ಕದಲ್ಲಿ ಶಿಷ್ಯೆ, ಎದುರಿಗೆ ಕಸದ ತೊಟ್ಟಿ. ತೊಟ್ಟಿಯ ಮುಚ್ಚಳ ಹಾರಿಹೋಗಿ ಎರಡು ತಿಂಗಳಾಯಿತು. ಪಕ್ಕದ ಮೀನಿನಂಗಡಿಯವರು ಬುಧವಾರ ಅದರೊಳಗೆ ಸುರಿಯುವುದೇನೆಂದು ನಾನು ವಿಚಾರಿಸಿಲ್ಲ, ವಿಚಾರಿಸದೆಯೇ ಗೊತ್ತಾಗುತ್ತದೆ. ಗಾಜು ಏರಿಸಿದರೆ ಉಸಿರು ಕಟ್ಟುತ್ತದೆ, ಇಳಿಸಿದರೆ ಉಸಿರಾಡಲು ಮನಸ್ಸಾಗುವುದಿಲ್ಲ. ಅವಳು "ಸ್ಮೆಲ್" ಎಂಬ ಪದವನ್ನು ಒಂದೇ ಸಲಕ್ಕೆ ಕಲಿತಳು.

ಹತ್ತು ಸಲ ಬರೆಸಬೇಡ ಎಂದು ನೀನು ಹೇಳಿದ್ದೆ. ಬರೆಸಲಿಲ್ಲ. ಆದರೆ ಅವಳೇ ಒಂದು ಪದ್ಧತಿ ಕಂಡುಹಿಡಿದಿದ್ದಾಳೆ: ರೊಟ್ಟಿಗೊಂದು ಪದ. ಹಿಟ್ಟಿನ ಉಂಡೆ ಕೈಗೆತ್ತಿಕೊಂಡಾಗ ಪದ ಶುರು, ಹಂಚಿಗೆ ಹಾಕುವಾಗ ಮುಕ್ತಾಯ. ಸ್ಪಿಲ್, ಸ್ಪಿಲ್, ಸ್ಪಿಲ್, ಸ್ಪಿಲ್, ಹಂಚಿನ ಮೇಲೆ ಸುಯ್. ಮುಂದಿನ ಉಂಡೆಗೆ ಮಾಪ್. ದಿನಕ್ಕೆ ಇನ್ನೂರು ರೊಟ್ಟಿ. ಪದ ಮರೆತರೆ ಕೈ ತಡವರಿಸಿ ರೊಟ್ಟಿ ಹರಿಯುತ್ತದೆ. ಹರಿದ ರೊಟ್ಟಿಗಳು ಗುರುದಕ್ಷಿಣೆಯಾಗಿ ನನಗೆ ಸಲ್ಲುತ್ತವೆ. "ನ್ಯಾಪ್ಕಿನ್" ಎಂಬ ಪದದಿಂದ ನಾನು ಎರಡು ಕಿಲೋ ಹೆಚ್ಚಿದ್ದೇನೆ.

ಹಳೆಯ ಪದಗಳ ಗತಿ ಏನು ಎಂದು ಕೇಳುತ್ತೀಯ. ನಿಜ ಹೇಳಲು ನನಗೆ ಧೈರ್ಯ ಬರಲಿಲ್ಲ. "ಅದು ಅಡುಗೆಮನೆ ಇಂಗ್ಲಿಷ್, ಇದು ಶಾಲೆ ಇಂಗ್ಲಿಷ್" ಎಂದುಬಿಟ್ಟೆ. ಅವಳು ತಲೆಯಾಡಿಸಿದಳು. ನಂಬುವವರನ್ನು ಕಂಡರೆ ನನಗೆ ಈಚೆಗೆ ಮೈ ಪರಚಿಕೊಳ್ಳುವ ಹಾಗಾಗುತ್ತದೆ.

ಒಂದೇ ಒಂದು ಪದಕ್ಕೆ ಜಗಳ ಮಾಡಿದಳು.

"ಮೇಡಮ್, ಎಂಜಲ ಶಾಲಿ ಇಂಗ್ಲಿಷಿನ್ಯಾಗ ಏನ್ರಿ?"

"ಇಲ್ಲ."

"ಇಲ್ಲ ಅಂದ್ರ?"

"ಆ ಪದವೇ ಇಲ್ಲ ಕಣೇ."

ನಂಬಲಿಲ್ಲ. ಶಾಲೆ ಎಂದ ಮೇಲೆ ನಾನೂರು ಮಕ್ಕಳು. ಕಚ್ಚಿದ ಸೇಬನ್ನು ಪಕ್ಕದವನಿಗೆ ಕೊಡುವವರು, ನೆಕ್ಕಿದ ಚಮಚವನ್ನು ಬಟ್ಟಲಿಗೆ ಮತ್ತೆ ಅದ್ದುವವರು, ಮೂಗಿನಲ್ಲಾಡಿಸಿದ ಬೆರಳಿನಿಂದ ದ್ರಾಕ್ಷಿ ಆರಿಸುವವರು. ಇದಕ್ಕೆಲ್ಲ ಒಂದು ಪದ ಬೇಡವೇ? ಜಗತ್ತನ್ನೆಲ್ಲ ಆಳಿದ ಭಾಷೆ, ಎಂಜಲಿಗೆ ಒಂದು ಪದ ಇಟ್ಟುಕೊಳ್ಳಲಿಲ್ಲ! ಎಂ.ಎ. ಮಾಡುವಾಗ ಯಾರೂ ನನಗೆ ಇದನ್ನು ಹೇಳಿರಲಿಲ್ಲ. ಹೇಳಿದ್ದರೆ ಅಂದೇ ಆ ಭಾಷೆಯನ್ನು ಮೂರು ಸಲ ತೊಳೆದು ಮುಟ್ಟುತ್ತಿದ್ದೆ.

ಮನೆಯವರಿಗೆ ಸುಳಿವು ಸಿಕ್ಕಿದೆ. ಅತ್ತೆಯವರು ನಿನ್ನೆ ಸೊಂಟಕ್ಕೆ ಕೈಕೊಟ್ಟು ನಿಂತರು. "ಏನ್ ನಡಸೀರಿ ಇಬ್ರೂ ಆ ಕಾರಿನ್ಯಾಗ ಕುಂತು? ಅಕಿ ಹೋದ್ರ ಯುಗಾದಿ ಹೋಳಿಗಿ ಯಾರು ಮಾಡ್ತಾರ, ನಿನ್ನ ಗಂಡೇನು?"

ಅವರ ಮಗನೂ ಹಿಂದೆಯೇ ಬಂದ. "ನೀ ಅಕಿಗೆ ಇಂಗ್ಲಿಷ್ ಕಲಸಾಕತ್ತೀಯೋ, ನಮ್ಮ ಅಂಗಡಿ ಬಾಗ್ಲಾ ಮುಚ್ಚಾಕತ್ತೀಯೋ?" ಎಂದು ಕೇಳುತ್ತಲೇ ಹೂರಣದ ಪಾತ್ರೆಗೆ ಬೆರಳು ಅದ್ದಿ, ನೆಕ್ಕಿ, ಮತ್ತೆ ಅದ್ದಿದ.

"ಎಂಜಲ!" ಎಂದು ಒಳಗಿನಿಂದ ಮಾರಿಸೆಲಾ ಚೀರಿದಳು.

ಎಷ್ಟು ಸರಿಯಾಗಿ ಹೇಳಿದಳು ಗೊತ್ತಾ. ಹೊಲಸ ಒಂದನ್ನು ಬಿಟ್ಟರೆ, ಆ ಪುಸ್ತಕದಲ್ಲಿರುವುದನ್ನೆಲ್ಲ ಅವಳು ಸರಿಯಾಗಿಯೇ ಕಲಿತಿದ್ದಾಳೆ ನಿಹಾರಿಕಾ. ರಟ್ಟಿನ ಮೇಲಿನ ಹೆಸರೊಂದೇ ತಪ್ಪು.

ಆಮೇಲೆ ಬರೆಯುತ್ತೇನೆ.

ನಿನ್ನ,
ಕುಮುದಾ

*

ಆಸ್ಟಿನ್
೧೩ ಏಪ್ರಿಲ್ ೨೦೨೪

ನಿಹಾರಿಕಾ ಆಂಟಿಗೆ, ಇಂಚರಾ ಮಾಡುವ ನಮಸ್ಕಾರಗಳು.

ನಾನು ಕುಮುದಾ ಚಿಕ್ಕಮ್ಮನ ಅಕ್ಕನ ಮಗಳು, ಇಲ್ಲಿ ಎಂ.ಎಸ್. ಓದುತ್ತಿದ್ದೇನೆ. ನಿಮ್ಮ ವಿಳಾಸ ಬರೆದ ಕವರನ್ನು ಚಿಕ್ಕಮ್ಮನೇ ನನ್ನ ಕೈಗೆ ಕೊಟ್ಟರು. ಒಳಗಿದ್ದ ಹಾಳೆಯಲ್ಲಿ "ಪ್ರಿಯ ನಿಹಾರಿಕಾ" ಎಂದಿತ್ತು, ಮುಂದಕ್ಕೆ ಏನೂ ಇರಲಿಲ್ಲ. "ನನ್ನ ಕೈಲಿ ಆಗ್ತಿಲ್ಲ ಕಣೆ, ನೋಡಿದ್ದನ್ನ ನೀನೇ ಬರೆದು ಹಾಕು" ಅಂದರು. ಅದಕ್ಕೇ ಬರೆಯುತ್ತಿದ್ದೇನೆ.

ಮೊನ್ನೆ ಎಂಟನೇ ತಾರೀಖು ಸೂರ್ಯಗ್ರಹಣವಿತ್ತಲ್ಲ, ಡಲ್ಲಾಸಿನಲ್ಲಿ ಹೆಚ್ಚು ಹೊತ್ತು ಕಾಣುತ್ತದೆಂದು ಮೂರೂವರೆ ಗಂಟೆ ಡ್ರೈವ್ ಮಾಡಿಕೊಂಡು ಹೋದೆ. ಮಾರನೆಯ ದಿನವೇ ಯುಗಾದಿ. ಅಡುಗೆಮನೆಗೆ ಏಳುನೂರು ಹೋಳಿಗೆಗೆ ಆರ್ಡರ್ ಇತ್ತು. ಈರವ್ವಜ್ಜಿ ಮಧ್ಯಾಹ್ನ ಹನ್ನೆರಡಕ್ಕೆ ಒಲೆ ಆರಿಸಿದರು. ಅವರ ಯಜಮಾನರು ಶಿವಪುತ್ರಪ್ಪಜ್ಜ "ಲಿಂಗ ಕಟ್ಟಿದವರಿಗೆ ಎಂಥಾ ಗ್ರಹಣ, ಎಂಥಾ ಸೂತಕ?" ಅಂದರೆ, ಅಜ್ಜಿ "ಅದು ನಿಮಗ. ನನ್ನ ಹೋಳಿಗಿಗೆ ಅಲ್ಲ" ಅಂದರು. ಪಾರ್ಕಿಂಗ್ ಲಾಟಿನ ಅಂಚಿನ ಹುಲ್ಲು ಗರಿಕೆಯೇ ಎಂದು ಕಂಡುಹಿಡಿದು, ಕಿತ್ತು ತೊಳೆದು ಪಾತ್ರೆಗಳ ಮೇಲೆಲ್ಲ ಹಾಕಿದರು. ಆಮೇಲೆ ಬಾಗಿಲು ಹಾಕಿ ಎಲ್ಲರನ್ನೂ ಒಳಗೆ ಕೂರಿಸಿದರು. ಗ್ರಹಣ ನೋಡಲೆಂದೇ ಹೋದ ನಾನು ನೋಡಿದ್ದು ಫ್ರಿಜ್ಜಿನ ಬಾಗಿಲು.

ಒಲೆಯಿಲ್ಲ, ಕೆಲಸವಿಲ್ಲ. ಮಾರಿಸೆಲಾ ನೋಟ್‌ಬುಕ್ ತೆಗೆದು ಗಟ್ಟಿಯಾಗಿ ಓದತೊಡಗಿದಳು. ಅಜ್ಜಿಗೆ ಖುಷಿಯೋ ಖುಷಿ. "ಏನವಾ, ಎಲ್ಲಾ ನನ್ನ ಮಾತ ಅದಾವಲ್ಲ!" ಎಂದು ಪಕ್ಕಕ್ಕೆ ಸರಿದು ಕೂತು ತಿದ್ದತೊಡಗಿದರು. ಹೊಲಸ ಎಂದು ಓದಿ ತಟ್ಟೆಯ ಕಡೆ ಕೈ ತೋರಿಸಿದಾಗ ಬಿದ್ದು ಬಿದ್ದು ನಕ್ಕರು. "ಪ್ಲೇಟ್ ಅಲ್ಲವಾ!" ಎಂದು ನೆಲ ಒರೆಸಿದ ಬಕೆಟ್ಟಿನ ನೀರನ್ನು ತೋರಿಸಿ, ಮೂಗು ಹಿಡಿದು, ಮುಖ ಹಿಂಡಿ, ವಾಂತಿ ಬರುವ ಹಾಗೆ ಮಾಡಿದರು. ಮಾರಿಸೆಲಾ ನಗುತ್ತಾ ತಟ್ಟೆ ಎಂಬುದನ್ನು ಹೊಡೆದುಹಾಕಿ ಬೇರೆ ಅರ್ಥ ಬರೆದುಕೊಂಡಳು.

ನಾನು, ಏನೂ ಗೊತ್ತಿಲ್ಲದವಳು, "ಎಷ್ಟು ಚೆನ್ನಾಗಿ ಕನ್ನಡ ಕಲ್ತಿದ್ದಾಳೆ ಅಲ್ವಾ ಚಿಕ್ಕಮ್ಮ?" ಅಂದೆ.

"ಕನ್ನಡ?" ಅಂದಳು ಮಾರಿಸೆಲಾ. "ಇದು ಇಂಗ್ಲಿಷ್ ಅಲ್ರಿ, ಅವ್ವಾ?"

"ಇಂಗ್ಲಿಷ್ ಎಲ್ಲಿದವಾ ನನಗ? ನಾ ಆಡೂದೆಲ್ಲಾ ಕನ್ನಡ. ಗದಗದ್ದು."

ಅವಳು ಮೊದಲ ಪುಟ ತೆರೆದಳು. ಕೆಂಪು ಗುರುತುಗಳ ಮೇಲೆ ಬೆರಳಿಟ್ಟು ಚಿಕ್ಕಮ್ಮನ ಕಡೆ ತಿರುಗಿಸಿದಳು. "ಮೇಡಮ್, ಇದು?"

ಚಿಕ್ಕಮ್ಮನ ಬಾಯಿಗೆ ಒಂದೂ ತಮಾಷೆ ಬರಲಿಲ್ಲ ಆಂಟಿ. ನಾನು ಹುಟ್ಟಿದಾಗಿನಿಂದ ನೋಡಿದ್ದೇನೆ, ಹೀಗಾದದ್ದು ಇದೇ ಮೊದಲು. ಆರ್ಡರ್ ಬೋರ್ಡಿನ ಹತ್ತಿರ ನೇತುಹಾಕಿದ್ದ ಕೆಂಪು ಪೆನ್ನು ತಂದು, ಆರು ರೈಟುಗಳನ್ನು ಒಂದೊಂದಾಗಿ ಹೊಡೆದುಹಾಕಿದರು. ಕೆಳಗಿನ ಹತ್ತನ್ನು ತಿದ್ದಿ ಹತ್ತಕ್ಕೆ ನಾಲ್ಕು ಎಂದು ಮಾಡಿ, ಮತ್ತೆ ರುಜು ಹಾಕಿದರು. ಆಮೇಲೆ ಎಲ್ಲ ಹೇಳಿದರು. ಅರ್ಧ ಇಂಗ್ಲಿಷ್, ಅರ್ಧ ಅವಳದೇ ಅಡುಗೆಮನೆ ಕನ್ನಡ, ಉಳಿದದ್ದು ಕೈಯಲ್ಲಿ. ಆ ದಿನ ನಕ್ಕದ್ದು ಸಂತೋಷಕ್ಕಲ್ಲ ಎಂದೂ ಹೇಳಿದರು. ಪತ್ರಿಕೆಯಲ್ಲಿ ಹಾಕಿದ್ದನ್ನೂ ಹೇಳಿದರು. ಏನೂ ಬಿಡಲಿಲ್ಲ.

ಅಜ್ಜಿಯ ಮುಖ ಸಣ್ಣಗಾಯಿತು. "ನನ್ನ ಮಾತು ಆಡಿ ಇಕಿ ನೌಕರಿ ಕಳಕೊಂಡ್ಳು, ನೀವೆಲ್ಲಾ ಕುಂತು ನಕ್ಕೀರಿ?"

ಮಾರಿಸೆಲಾ ಪುಸ್ತಕ ಮುಚ್ಚಿದಳು. ಚಿಕ್ಕಮ್ಮನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ಕೂಗಲಿಲ್ಲ, ಅಳಲಿಲ್ಲ.

"ಹೊಲಸ," ಅಂದಳು.

ಉಚ್ಚಾರ ಗದಗದವರ ಹಾಗೆಯೇ ಇತ್ತು. ಅರ್ಥವೂ ಸರಿಯಾಗಿಯೇ ಇತ್ತು.

ಮೂರು ಗಂಟೆಗೆ ಗ್ರಹಣ ಬಿಟ್ಟಿತು. ಅವಳು ಕೈ ತೊಳೆದು ಹೋಳಿಗೆ ತಟ್ಟಲು ನಿಂತಳು. ಏಳುನೂರನ್ನೂ ಮುಗಿಸಿದಳು. ಒಂದು ಹೋಳಿಗೆಗೂ ಒಂದು ಪದವನ್ನೂ ಹೇಳಲಿಲ್ಲ.

ನಿಮ್ಮ,
ಇಂಚರಾ

*

ಕೇಟಿ
೫ ಮೇ ೨೦೨೪

ಕುಮುದಾ,

ಇಂಚರಾಳ ಪತ್ರ ಬಂತು. ಎರಡು ಸಲ ಓದಿದೆ.

ನಾನೂ ಮಾರಿಸೆಲಾಳಿಗೆ ಒಂದು ಕಾಗದ ಬರೆದಿದ್ದೇನೆ, ನನಗೆ ಬರುವಷ್ಟು ಸ್ಪ್ಯಾನಿಷಿನಲ್ಲಿ. ಇದರ ಜೊತೆಗಿದೆ, ಕೊಡು. ತೆರೆದು ಓದಬೇಡ. ಆ ದಿನ ನಕ್ಕವರಲ್ಲಿ ಒಬ್ಬಳು ಬರೆದದ್ದು ಎಂದು ಹೇಳು, ಸಾಕು.

ಪಾಠ ನಿಂತಿಲ್ಲ ತಾನೇ? ನಿನ್ನ ಮುಖ ನೋಡಲು ಅವಳಿಗೆ ಅಸಹ್ಯವಾಗುತ್ತಿರಬಹುದು. ಆಗಲಿ. ಅಸಹ್ಯ ಪಟ್ಟುಕೊಂಡೇ ಕಲಿಯಲಿ, ನೀನು ಅದನ್ನು ಸಹಿಸಿಕೊಂಡೇ ಕಲಿಸು. ಸಂದರ್ಶನದಲ್ಲಿ ಕೇಳುವ ಹದಿನೈದು ಪ್ರಶ್ನೆ ಕಳಿಸಿದ್ದೇನೆ. ಅವಳನ್ನು ಮತ್ತೆ ಕರೆದಿರುವ ಜೂನ್ ಹದಿನೆಂಟು ದೂರವಿಲ್ಲ.

ನಿಹಾರಿಕಾ

*

ಮರ್ಫಿ
೨೧ ಜುಲೈ ೨೦೨೪

ಪ್ರಿಯ ನಿಹಾರಿಕಾ,

ಮೇ ತಿಂಗಳ ನಿನ್ನ ಕಾಗದದಲ್ಲಿ ನನ್ನನ್ನು ಏಕವಚನದಲ್ಲಿ ಕರೆದಿದ್ದೀಯ. ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದೇನೆ. ಅಮರ್ ಅದರ ಮೇಲೆ ಉಪ್ಪಿನಕಾಯಿ ಕೈಯಿಟ್ಟಿದ್ದಾನೆ, ಅದು ಬೇರೆ ಮಾತು.

ಪಾಠ ನಿಲ್ಲಲಿಲ್ಲ. ಗ್ರಹಣದ ಮಾರನೇ ವಾರ, ಅವಳು ಬರುವುದಿಲ್ಲವೆಂದುಕೊಂಡು ತೊಟ್ಟಿಯ ಎದುರು ಕಾರಿನಲ್ಲಿ ಕೂತಿದ್ದೆ. ಬಂದಳು. ಪಕ್ಕದ ಸೀಟಿನ ಬಾಗಿಲು ತೆಗೆಯಲಿಲ್ಲ. ಹಿಂದಿನ ಸೀಟಿನಲ್ಲಿ ಕೂತು ನೋಟ್‌ಬುಕ್ ತೆಗೆದಳು. ಹೊಸ ನೋಟ್‌ಬುಕ್. ಅಂದಿನಿಂದ ನಾನು ಬಾಡಿಗೆ ಕಾರಿನವಳ ಹಾಗೆ ಕನ್ನಡಿಯಲ್ಲಿ ಅವಳ ಮುಖ ನೋಡಿಕೊಂಡು ಇಂಗ್ಲಿಷ್ ಕಲಿಸಿದ್ದೇನೆ. ನಾನು ಹೇಳುವ ಪದಗಳನ್ನು ಹಾಗೆಯೇ ನಂಬುವುದನ್ನೂ ಬಿಟ್ಟಳು. ಪ್ರತಿಯೊಂದನ್ನೂ ಲೈಬ್ರರಿಗೆ ಹೋಗಿ ನಿಘಂಟಿನಲ್ಲಿ ನೋಡಿಕೊಂಡು ಬರುತ್ತಿದ್ದಳು. ಎರಡು ಕಡೆ ನನ್ನದೇ ತಪ್ಪು ಹಿಡಿದಳು. ತಿದ್ದಿದಾಗ ಅವಳ ಮುಖದಲ್ಲಿದ್ದ ವಾಕರಿಕೆಯನ್ನು ನೀನು ನೋಡಬೇಕಿತ್ತು.

ಅತ್ತೆಯವರು ಇನ್ನೊಂದು ಬಗೆಯಲ್ಲಿ ಪ್ರಾಯಶ್ಚಿತ್ತಕ್ಕೆ ಇಳಿದರು. "ನನ್ನ ಬಾಯಾಗಿಂದು ಕೇಳಿ ಕೆಟ್ಟಾಳ, ನನ್ನ ಬಾಯಾಗಿಂದ ಕೇಳೇ ಸುಧಾರಸ್ಲಿ" ಎಂದು ತೊಂಬತ್ತು ಪದಗಳನ್ನೂ ತಾವೇ ಬಾಯಿಪಾಠ ಮಾಡಿದರು. ಮೇ ಪೂರ್ತಿ ಅಡುಗೆಮನೆಯಲ್ಲಿ ಕನ್ನಡಕ್ಕೆ ನಿಷೇಧ. "ಮಾಪ್! ನಾವ್! ಪ್ಲೀಸ್!" ಎಂದು ಅತ್ತೆ ಕೂಗುವುದನ್ನು ಕೇಳಿ ಮಾವನವರು ಎರಡು ಸಲ ಊಟ ಬಿಟ್ಟು ಎದ್ದರು.

ಜೂನ್ ಹದಿನೆಂಟಕ್ಕೆ ನಾನೇ ಕಾರಿನಲ್ಲಿ ಬಿಟ್ಟೆ. ಅವಳು ಹಿಂದಿನ ಸೀಟಿನಲ್ಲಿದ್ದಳು. ನಲವತ್ತು ನಿಮಿಷ ಕಾದೆ. ಒಳಗೆ ನಡೆದದ್ದನ್ನು ಅವಳು ಹೇಳಿದ್ದು ನನಗಲ್ಲ, ಅತ್ತೆಯವರಿಗೆ. ನಾನು ಈರುಳ್ಳಿ ಹೆಚ್ಚುತ್ತಾ ಕೇಳಿಸಿಕೊಂಡೆ.

ಅದೇ ಮೂವರು, ಅದೇ ಹಾಲಿನ ಡಬ್ಬಿ. ಈ ಸಲ ಬಗ್ಗಿಸಿ ತೋರಿಸಬೇಕಾಗಲಿಲ್ಲ. ಮೊದಲು ಮಗುವಿಗೆ ಪೆಟ್ಟಾಯಿತೇ ಎಂದು ಕೇಳುತ್ತೇನೆ, ಆಮೇಲೆ ನೆಲ ಜಾರುತ್ತದೆಂಬ ಫಲಕ ಇಡುತ್ತೇನೆ, ಆಮೇಲೆ ಒರೆಸುತ್ತೇನೆ ಎಂದಳಂತೆ, ಎಲ್ಲ ಗಿಡ್ಡ ಪದಗಳಲ್ಲಿ. ಒಬ್ಬ ಹುಡುಗ ಕಚ್ಚಿದ ಸೇಬನ್ನು ಗೆಳೆಯನ ತಟ್ಟೆಗೆ ಹಾಕಿದರೆ? ಎಂದು ಕೇಳಿದರಂತೆ. "ಅದಕ್ಕೆ ನಮ್ಮ ಅಡುಗೆಮನೆಯಲ್ಲಿ ಒಂದು ಪದವಿದೆ. ನಿಮ್ಮ ಹತ್ತಿರ ಇಲ್ಲ. ನಾನು ಕಲಿಸುತ್ತೇನೆ" ಎಂದಳಂತೆ. ಮೂವರ ಕೈಯಲ್ಲೂ ಹೇಳಿಸಿದಳಂತೆ. ಒಬ್ಬಾಕೆ ಬರೆದುಕೊಂಡರಂತೆ.

ಆಗಸ್ಟ್ ಹನ್ನೆರಡಕ್ಕೆ ಕೆಲಸಕ್ಕೆ ಸೇರುತ್ತಾಳೆ. ವಿಮೆಯ ಕಾರ್ಡಿನಲ್ಲಿ ಮಗಳ ಹೆಸರೂ ಇರುತ್ತದೆ.

ಅತ್ತೆ ಬೆರಳು ಮಡಚಿ ವಾರದ ದಿನಗಳನ್ನು ಎಣಿಸಿದರು. ಆಮೇಲೆ, "ಶನಿವಾರ ಸಾಲಿ ಇರೂದಿಲ್ಲಲ್ಲ?" ಎಂದರು. ಶನಿವಾರ ಬರುತ್ತಾಳಂತೆ, ಕೂಲಿ ಒಂದೂವರೆ ಪಟ್ಟು. ಅದನ್ನು ಅವಳು ಇಂಗ್ಲಿಷಿನಲ್ಲಿ ಕೇಳಿದಳು, ಅಮರ್‌ಗೆ ಬೇರೆ ದಾರಿಯಿರಲಿಲ್ಲ. ಉಳಿದ ದಿನ ರೊಟ್ಟಿ ಅವನದು. ಈಗಿನಿಂದಲೇ ಅಭ್ಯಾಸ ನಡೆಸಿದ್ದಾನೆ. ಮೊನ್ನೆ ಬಡಿದದ್ದು ಟೆಕ್ಸಾಸಿನ ಭೂಪಟದ ಹಾಗಿತ್ತು, ಕ್ಯಾರಲ್ಟನ್ ಇರಬೇಕಾದ ಕಡೆ ತೂತು. ಗಿರಾಕಿಯೊಬ್ಬರು ವಾಪಸ್ ಕೊಟ್ಟು ಹೋದರು.

ಇನ್ನು ನನ್ನ ವಿಷಯ. ಸುದ್ದಿ ಬಂದ ದಿನ ಮಾರಿಸೆಲಾ ನನ್ನ ಎದುರಿಗೆ ಬಂದು ನಿಂತಳು. ಏಪ್ರಿಲಿನ ನಂತರ ಪಾಠ ಬಿಟ್ಟು ಬೇರೆ ಮಾತಾಡಿದ್ದು ಇದೇ ಮೊದಲು.

"ಮೇಡಮ್, ನನ್ನ ಫೋಟೋ ಇರೋ ಕಾಗದ. ಎಷ್ಟು ಮಾಡೀರಿ?"

"ಮುನ್ನೂರು."

"ಎಲ್ಲಾ ತಗೊಂಡ್ ಬರ್ರಿ."

ಕನ್ನಡದಲ್ಲಿಯೇ ಹೇಳಿದಳು. ಈಗ ಅದು ಯಾವ ಭಾಷೆ ಎಂದು ಅವಳಿಗೆ ಗೊತ್ತು.

ಹದಿನಾಲ್ಕನೇ ಪುಟಕ್ಕಾಗಿ ನಾಲ್ಕು ವಾರದಿಂದ ಮನೆಮನೆ ತಿರುಗುತ್ತಿದ್ದೇನೆ. ಮೊದಲು ನಗುತ್ತಾರೆ, "ಏನ್ ಕುಮುದಾ, ನಿಮ್ ಬರಹ ನಿಮಗೇ ಅಷ್ಟು ಇಷ್ಟಾನಾ?" ಎನ್ನುತ್ತಾರೆ. ನಾನು ಕಾರಣ ಹೇಳುತ್ತೇನೆ. ಆಗ ನಗುವುದನ್ನು ನಿಲ್ಲಿಸುತ್ತಾರೆ. ಬಾಗಿಲಲ್ಲೇ ನಿಲ್ಲಿಸಿ ಹುಡುಕಿ ತಂದುಕೊಡುತ್ತಾರೆ, ಒಳಗೆ ಕರೆಯುವುದಿಲ್ಲ. ಒಬ್ಬರ ಮನೆಯಲ್ಲಿ ಅದು ಬೆಕ್ಕು ಕಕ್ಕಸಿಗೆ ಕೂರುವ ಮರಳಿನ ತಟ್ಟೆಯಡಿ ಇತ್ತು. ತೆಗೆದುಕೊಂಡೆ, ಎರಡು ಬೆರಳಿನಲ್ಲಿ. ನನ್ನ ಹಾಸ್ಯಕ್ಕೆ ಸಿಕ್ಕಿದ ವಿಮರ್ಶೆಗಳಲ್ಲೆಲ್ಲ ಅದೇ ಪ್ರಾಮಾಣಿಕ. ಇಲ್ಲಿಯವರೆಗೆ ನೂರ ಎಂಬತ್ತೇಳು ಸಿಕ್ಕಿವೆ. ಒಂದೊಂದು ಸಲ ಒಂದೊಂದು ಕಟ್ಟು ಒಯ್ದು ಕೊಡುತ್ತೇನೆ. ಫೋಟೋ ಇರುವ ಭಾಗವನ್ನು ಕತ್ತರಿಸಿ ತೆಗೆದಿಟ್ಟುಕೊಂಡು, ಉಳಿದದ್ದರಿಂದ ಹಂಚಿನ ಕರಿ ಒರೆಸುತ್ತಾಳೆ. ಕಾಗದ ಚೆನ್ನಾಗಿ ಹೀರುತ್ತದೆ ಎಂದು ಅತ್ತೆಯವರ ಹತ್ತಿರ ಹೇಳಿದಳಂತೆ.

ಮುನ್ನೂರೂ ಮುಟ್ಟಿದರೆ ಮುಂದಿನ ಸೀಟಿಗೆ ಬಂದು ಕೂರುತ್ತಾಳೋ ಇಲ್ಲವೋ ಗೊತ್ತಿಲ್ಲ. ಕೇಳಿಲ್ಲ. ಕೇಳುವುದೂ ಇಲ್ಲ.

ನಿನ್ನ ಮನೆಗೆ ಬಂದ ಸಂಚಿಕೆಯನ್ನು ನೀನು ಎಸೆದಿರಲಾರೆ, ಕೋಪ ಇಟ್ಟುಕೊಂಡವರು ಸಾಕ್ಷಿಯನ್ನೂ ಇಟ್ಟುಕೊಂಡಿರುತ್ತಾರೆ. ಹದಿನಾಲ್ಕನೇ ಪುಟವನ್ನು ಪಿನ್ನಿನ ಕಡೆಯಿಂದ ನಿಧಾನವಾಗಿ ಹರಿದು ಕಳಿಸು. ಫೋಟೋ ಮೂಲೆ ಮಾತ್ರ ಮಡಚದ ಹಾಗೆ ನೋಡಿಕೋ. ಕೇಟಿಗೆ ಒಟ್ಟು ಇಪ್ಪತ್ತಾರು ಪ್ರತಿ ಬಂದಿದ್ದವು, ಲೈಬ್ರರಿಗೆ ಹೋಗುವ ದಾರಿಯ ಮನೆಗಳಲ್ಲೂ ಒಂದು ಮಾತು ಕೇಳು. ಸ್ಟಾಂಪು ಅಂಟಿಸಿದ ದೊಡ್ಡ ಕವರು ಇದರೊಳಗೇ ಇದೆ. ಅಂಟನ್ನು ನಾಲಿಗೆಯಿಂದ ನೆಕ್ಕಬೇಡ, ನೀರು ಹಚ್ಚು. ತೆರೆಯುವವಳು ಮಾರಿಸೆಲಾ.

ನಿನ್ನ,
ಕುಮುದಾ